ಮಲ್ಲು ಕಚ್ಚಿದ ಮೂರು ರವಿವಾರ

ಗುಂಡವ್ವ ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಕಣ್ಣು ಹೋದದ್ದು ಅವಳ ಸೆರಗಿನ ತುದಿಯ ಗಂಟಿನ ಮೇಲೆ. ಗಂಟಿನೊಳಗೆ ಏನೋ ಇತ್ತು. ನಾಯಿಗೆ ಮತ್ತು ಬರಿಸುವ ಔಷಧಿಯೇ ಇರಬೇಕೆಂದು ಅವಳು ಚಪ್ಪಲಿ ಬಿಡುವುದರೊಳಗೆ ನಾನು ತೀರ್ಮಾನಿಸಿಬಿಟ್ಟಿದ್ದೆ. ನಲವತ್ತು ವರ್ಷ ಗೋಣಿಚೀಲದ ವ್ಯಾಪಾರ ಮಾಡಿದವನು ನಾನು. ಪಿಂಪಳಗಾಂವ್ ಬಸವಂತದ ಉಳ್ಳಾಗಡ್ಡಿ ಮಾರುಕಟ್ಟೆಗೆ ಚೀಲ ಪೂರೈಸುವವನು ಪ್ರತಿ ಕಟ್ಟಿನೊಳಗೂ ಕೈ ಹಾಕಿ ತೂತು ಹುಡುಕಬೇಕು, ಇಲ್ಲದಿದ್ದರೆ ಮುಳುಗುತ್ತಾನೆ. ಈಗ ಅಂಗಡಿ ಇಲ್ಲ. ತೂತು ಹುಡುಕುವ ಚಾಳಿ ಮಾತ್ರ ಉಳಿದಿದೆ, ಅದನ್ನು ಮನೆಯವರ ಮೇಲೆ, ನೆರೆಯವರ ಮೇಲೆ, ಬಂದುಹೋಗುವವರ ಮೇಲೆ ತೀರಿಸಿಕೊಳ್ಳುತ್ತೇನೆ.

ನನ್ನ ಹೆಸರು ರೇವಣಪ್ಪ. ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು. ನಾಸಿಕ್ ರೋಡಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಮಗ ಗುರುಬಸವ, ಸೊಸೆ ಲತಾ, ಎಂಟು ವರ್ಷದ ಮೊಮ್ಮಗಳು ಶರ್ವಾಣಿ ಇವರ ಜೊತೆ ಇದ್ದೇನೆ. ಮಗ ಅಂಬಡ್‌ನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಐದನೆಯ ಜೀವ ಮಲ್ಲು, ನಮ್ಮ ನಾಯಿ. ಕೆನೆಬಣ್ಣದ್ದು, ಅರ್ಧ ಲ್ಯಾಬ್ರಡಾರ್, ಅರ್ಧ ಬೀದಿ. ಮೂರು ವರ್ಷದ ಹಿಂದೆ ಸಂಭಾಜಿನಗರದಿಂದ ಲತಾಳ ಅಣ್ಣ ಒಂದು ಬುಟ್ಟಿಯಲ್ಲಿಟ್ಟು ತಂದುಕೊಟ್ಟದ್ದು. ಹೆಸರಿಟ್ಟವನು ನಾನು, ಮನೆದೇವರು ಮಲ್ಲಯ್ಯನ ನೆನಪಿಗೆ. ನನ್ನ ಹೆಂಡತಿ ಕಸ್ತೂರಿಬಾಯಿ ತೀರಿಕೊಂಡ ವರ್ಷವೇ ಅದು ಬಂತು, ಬಂದ ವಾರದಿಂದಲೇ ನನ್ನ ಮಂಚದ ಪಕ್ಕ ಮಲಗತೊಡಗಿತು. ರಾತ್ರಿ ಎಚ್ಚರವಾದರೆ ಕೈ ಚಾಚಿ ಅದು ಅಲ್ಲಿದೆಯೇ ಎಂದು ನೋಡುತ್ತೇನೆ.

ಆ ಮಲ್ಲು ಐದು ತಿಂಗಳಲ್ಲಿ ಮೂವರನ್ನು ಕಚ್ಚಿತ್ತು. ಮೊದಲು ಬಟ್ಟೆ ಕೊಡಲು ಬಂದ ಇಸ್ತ್ರಿಯವನ ಮೀನಖಂಡ. ಆಮೇಲೆ ಗುರುಬಸವನ ಮಣಿಕಟ್ಟು. ಮೂರನೆಯದು ಶರ್ವಾಣಿಯ ಬಲಗೈ. ಹೆಬ್ಬೆರಳಿನ ಬುಡದಲ್ಲಿ ಎರಡು ಹಲ್ಲು ಇಳಿದಿದ್ದವು. ಲತಾ ಅಳಲಿಲ್ಲ, ಕೂಗಲಿಲ್ಲ. ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕಾಲು ಗಂಟೆ ಸೋಪು ಹಚ್ಚಿ ತೊಳೆದಳು, ಆಸ್ಪತ್ರೆಗೆ ಒಯ್ದು ಇಂಜೆಕ್ಷನ್ ಕೊಡಿಸಿಕೊಂಡು ಬಂದಳು, ಆಮೇಲೆ ನನ್ನ ಮುಂದೆ ನಿಂತು ಮಾತಾಡಿದಳು.

“ಮಾಮಾ, ಬರೂ ರವಿವಾರ ಹತ್ತಕ್ಕ ಟೆಂಪೋ ಬರ್ತದ. ಪಿಂಪಳಗಾಂವ್‌ದಾಗ ದ್ರಾಕ್ಷಿ ತೋಟದವ್ರೊಬ್ರು ನಾಯಿ ಕೇಳ್ಯಾರ. ಗೋಡೌನ್ ಕಾಯಲಾಕ.”

“ಕಟ್ಟಿ ಹಾಕ್ತಾರೇನು?”

“ಕಟ್ಟೇ ಹಾಕ್ತಾರ. ಕಚ್ಚೂ ನಾಯೀನ ಬೇಕಂತ ಅವ್ರಿಗಿ.”

ಮಗುವಿನ ಕೈಗೆ ಬ್ಯಾಂಡೇಜ್ ಇರುವಾಗ ನಾಯಿಯ ಪರ ವಾದ ಮಾಡುವುದು ಹೇಗೆ? ಕಡೆಗೆ ಒಂದು ವಾರದ ಅವಕಾಶ ಕೇಳಿಕೊಂಡೆ. ಅಷ್ಟರಲ್ಲಿ ಕಾರಣ ಸಿಕ್ಕರೆ ಸರಿ, ಸಿಗದಿದ್ದರೆ ಟೆಂಪೋ. ಲತಾ ಒಪ್ಪಿದಳು, ಆದರೆ ಟೆಂಪೋದವನಿಗೆ ಬೇಡವೆಂದು ಹೇಳಲಿಲ್ಲ.

ಮರುದಿನ ಗುರುಬಸವ ಮಲ್ಲುವನ್ನು ಪ್ರಾಣಿ ವೈದ್ಯರ ಹತ್ತಿರ ಒಯ್ದ. ಅವರು ಕಿವಿ ನೋಡಿದರು, ಹಲ್ಲು ನೋಡಿದರು, ಒಂದೊಂದು ಕೀಲನ್ನೂ ಒತ್ತಿ ನೋಡಿದರು. ಎಲ್ಲಿಯೂ ನೋವಿಲ್ಲ, ಲಸಿಕೆ ಎಲ್ಲ ಸರಿಯಾಗಿದೆ. “ಮೈಯಲ್ಲಿ ಏನೂ ಇಲ್ಲ, ಇದ್ದರೆ ಮನೆಯಲ್ಲಿದೆ. ನಿಮ್ಮ ಭಾಷೆ ಮಾತಾಡುವ ಹೆಣ್ಣುಮಗಳೊಬ್ಬಳು ನಮ್ಮಲ್ಲಿದ್ದಾಳೆ, ಕಳಿಸುತ್ತೇನೆ” ಎಂದರಂತೆ. ಹಾಗೆ ಮಂಗಳವಾರ ಗುಂಡವ್ವ ಬಂದದ್ದು.

ಅವಳದು ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರದ ಹಳ್ಳಿ. ಗಂಡ ಖಂಡಪ್ಪ ಸೆಂಟ್ರಿಂಗ್ ಕೆಲಸದವನು, ಈಗ ಸಂಭಾಜಿನಗರದ ಒಂದು ಸೈಟಿನಲ್ಲಿದ್ದಾನೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಇವಳೂ ಇಪ್ಪತ್ತು ವರ್ಷ ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತವಳೇ. ಸೈಟಿನ ನಾಯಿಗಳಿಗೆ ಗಾಯವಾದಾಗಲೆಲ್ಲ ಹೆಗಲ ಮೇಲೆ ಹೊತ್ತು ದವಾಖಾನೆಗೆ ತರುತ್ತಿದ್ದಳಂತೆ. ಎಂಥ ನಾಯಿಯೂ ಇವಳ ಕೈಯಲ್ಲಿ ಸುಮ್ಮನಿರುವುದನ್ನು ನೋಡಿ ವೈದ್ಯರು ಕೆಲಸಕ್ಕೇ ಇಟ್ಟುಕೊಂಡರು. ಅಂಬಡ್‌ನಲ್ಲಿ ಒಂದು ಬಾಡಿಗೆ ಖೋಲಿ, ಐವತ್ತರ ವಯಸ್ಸು, ಕೈಕಾಲಿನ ತುಂಬ ಹಳೆಯ ಹಲ್ಲಿನ ಗುರುತು. ಇಷ್ಟನ್ನು ನಾನು ಆಮೇಲೆ ಕೇಳಿ ಕೇಳಿ ತಿಳಿದುಕೊಂಡದ್ದು. ಅವತ್ತು ಗೊತ್ತಿದ್ದದ್ದು ಗಂಟು ಒಂದೇ.

ಅವಳು ನಾಯಿಯನ್ನು ಮುಟ್ಟಲಿಲ್ಲ, ಕರೆಯಲಿಲ್ಲ, ನೋಡಲೂ ಇಲ್ಲ. ಬಾಗಿಲ ಹತ್ತಿರ ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತಳು. ಲತಾ ಕೊಟ್ಟ ಚಹಾ ಕುಡಿದಳು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ನನಗೆ ಪಿತ್ತ ನೆತ್ತಿಗೇರಿತು.

“ನಾಯಿ ನೋಡಲಾಕ ಬಂದಿಯೋ, ಚಹಾ ಕುಡೀಲಾಕ ಬಂದಿಯೋ?” ಎಂದೆ.

“ಎರಡೂ ಆಗಾಕತ್ತಾವಲ್ರಿ ಸಾವ್ಕಾರ್ರ” ಎಂದಳು ತಿರುಗದೆ.

ನಿಜಕ್ಕೂ ಆಗುತ್ತಿತ್ತು. ಮಲ್ಲು ತಾನಾಗಿ ಹಿಂದಿನಿಂದ ಬಂದು ಅವಳ ಸೆರಗು ಮೂಸುತ್ತಿತ್ತು. ಆಗ ಅವಳು ಗಂಟು ಬಿಚ್ಚಿ ಏನೋ ಒಂದು ಚೂರು ಪಕ್ಕಕ್ಕೆ ಎಸೆದಳು. ನಾನು ಹಿಡಿದೆ ಕಳ್ಳಿಯನ್ನು ಎಂದು ಎದ್ದೇ ಬಿಟ್ಟೆ. ಬಗ್ಗಿ ನೋಡಿದರೆ ಬೇಯಿಸಿದ ಕೋಳಿಮೊಟ್ಟೆ. ಮತ್ತಿನ ಔಷಧಿಯಾಗಿದ್ದರೂ ನಮ್ಮ ಮನೆಯಲ್ಲಿ ಅಷ್ಟು ಗದ್ದಲವಾಗುತ್ತಿರಲಿಲ್ಲ. ಲತಾ ಅಡಿಗೆಮನೆಯಿಂದ ಓಡಿ ಬಂದಳು. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ತತ್ತಿ! ಗುಂಡವ್ವ ನಾಲಗೆ ಕಚ್ಚಿಕೊಂಡು, ಗಂಟನ್ನು ಹೊರಗೆ ಚಪ್ಪಲಿಯ ಹತ್ತಿರ ಇಟ್ಟು, ಕೈ ತೊಳೆದು ಬಂದು “ಪನೀರ್ ಇದ್ರ ಕೊಡ್ರಿ ಅಕ್ಕಾರ, ಅದಕ್ಕೂ ನಡೀತೈತಿ” ಎಂದಳು. ಲತಾ ನೆಲ ಒರೆಸಿ ಪನೀರ್ ಕೊಟ್ಟಳು. ಔಷಧಿ ಅಲ್ಲವೆಂದು ಗೊತ್ತಾದರೂ ನನ್ನ ಅನುಮಾನ ಪೂರ್ತಿ ಇಳಿಯಲಿಲ್ಲ.

ಆಮೇಲೆ ಶುರುವಾಯಿತು ಅವಳ ವಿಚಾರಣೆ. ನಾನು ಸಂಶಯದ ಮನುಷ್ಯ ಎಂದು ಹೇಳಿದೆನಲ್ಲ, ಅವಳ ಮುಂದೆ ನಾನು ಏನೂ ಅಲ್ಲ. ಯಾರು ಊಟ ಹಾಕುತ್ತೀರಿ, ಯಾವ ಹೊತ್ತಿಗೆ, ಎಲ್ಲಿ, ತಿನ್ನುವಾಗ ಯಾರು ಹತ್ತಿರ ಇರುತ್ತೀರಿ. ಕೇಳಿದ್ದನ್ನೇ ಇನ್ನೊಬ್ಬರಿಗೆ ಇನ್ನೊಂದು ರೀತಿಯಲ್ಲಿ ಕೇಳುತ್ತಿದ್ದಳು. ಉತ್ತರ ಕೂಡದಿದ್ದರೆ ಸುಮ್ಮನೆ ನೋಡುತ್ತಿದ್ದಳು. ಅಷ್ಟರಲ್ಲಿ ಒಂದು ವಿಷಯ ಹೊರಬಿತ್ತು. ಮೂರು ಸಲವೂ ಮಲ್ಲು ಕಚ್ಚಿದ್ದು ತನ್ನ ಊಟದ ಬಟ್ಟಲಿನ ಹತ್ತಿರ. ಇಸ್ತ್ರಿಯವನು ಬಟ್ಟಲು ದಾಟಿ ಒಳಗೆ ಬಂದಿದ್ದ. ಗುರುಬಸವ ಬಟ್ಟಲು ಎತ್ತಲು ಹೋಗಿದ್ದ. ಶರ್ವಾಣಿಯ ರಬ್ಬರ್ ಚೆಂಡು ಬಟ್ಟಲಿನ ಪಕ್ಕ ಉರುಳಿತ್ತು.

“ಕಚ್ಚೂಕಿಂತ ಮೊದಲ ಗುರ್ ಅಂದಿತ್ತೇನ್ರಿ?” ಎಂದು ಗುರುಬಸವನನ್ನು ಕೇಳಿದಳು.

“ಮೊದಲ ಅಂತಿತ್ತು. ಬಟ್ಟಲ ಹಂತೇಕ ಹೋದ್ರ ಸಾಕು, ಗುರ್ ಅಂತಿತ್ತು. ನಾ ಚಪ್ಪಲ್ ತೊಗೊಂಡು ನಾಕ್ ಬಿಟ್ಟೆ. ಈಗ ಒಟ್ಟ ಅನ್ನಂಗಿಲ್ಲ” ಎಂದ, ದೊಡ್ಡ ಕೆಲಸ ಮಾಡಿದವನಂತೆ.

ಗುಂಡವ್ವನಿಗೆ ಸಿಟ್ಟು ಬಂತು. “ಅದು ಅದರ ಮಾತ್ರಿ ಅಣ್ಣಾರ. ದೂರ ಸರಿ, ನನಗ ಅಂಜಿಕಿ ಆಗೇತಿ ಅಂತ ಹೇಳ್ತಿತ್ತು. ನೀವು ಹೊಡದು ಮಾತ ಬಂದ್ ಮಾಡಿಸಿದ್ರಿ. ಅಂಜಿಕಿ ಹೋಗಲಿಲ್ಲಲ್ಲ, ಒಳಗ ಐತಿ. ಈಗ ಹೇಳದನ ಕಚ್ಚತೈತಿ.”

ಗುರುಬಸವ ಮಣಿಕಟ್ಟು ಸವರಿಕೊಂಡ. ಅವಳು ಒಂದೊಂದಾಗಿ ಹೇಳುತ್ತ ಹೋದಳು. ಇವತ್ತಿನಿಂದ ಬಟ್ಟಲು ಹಿಂದಿನ ಸಣ್ಣ ಬಾಲ್ಕನಿಯಲ್ಲಿ, ಬಾಗಿಲು ಹಾಕಿ. ಅದು ತಿಂದು ಹೊರಗೆ ಬರುವವರೆಗೆ ಯಾರೂ ಅತ್ತ ಹಾಯಬಾರದು. ಬಾಯಲ್ಲಿ ಏನಾದರೂ ಕಚ್ಚಿಕೊಂಡಿದ್ದರೆ ಕಸಿಯಬಾರದು, ಅದಕ್ಕಿಂತ ರುಚಿಯದನ್ನು ದೂರ ಎಸೆದರೆ ತಾನೇ ಬಿಡುತ್ತದೆ. ಬಾಯಿಗೆ ಹಾಕುವ ಬುಟ್ಟಿಯನ್ನು ತಂದಿದ್ದಳು. ಅದರೊಳಗೆ ಮೊಸರು ಸವರಿ ನೆಲದ ಮೇಲಿಟ್ಟಳು, ಮಲ್ಲು ತಾನಾಗಿ ಮೂತಿ ತೂರಿಸಿ ನೆಕ್ಕಿತು. ಮಗುವನ್ನೂ ನಾಯಿಯನ್ನೂ ಇಬ್ಬರನ್ನೇ ಬಿಡಬೇಡಿ ಎಂದು ಲತಾಳಿಗೆ ಎರಡು ಸಲ ಹೇಳಿದಳು.

“ಇದು ಆತು. ಆದ್ರ ಈ ಅಂಜಿಕಿ ಎಲ್ಲಿಂದ ಬಂತು? ಬಟ್ಟಲಕ ಯಾರೋ ಬಾಯಿ ಹಾಕ್ಯಾರ್ರಿ” ಎಂದು ಎಲ್ಲರ ಮುಖ ನೋಡಿದಳು.

ನನ್ನ ಹತ್ತಿರ ಹೆಸರು ಸಿದ್ಧವಾಗಿತ್ತು. ನಮ್ಮ ಕಟ್ಟಡದ ವಾಚ್‌ಮನ್ ದೀಪಕ ಕೈಯಲ್ಲಿ ಕೋಲು ಹಿಡಿದೇ ಓಡಾಡುತ್ತಾನೆ, ಮಲ್ಲುವನ್ನು ಕಂಡರೆ ನೆಲಕ್ಕೆ ಕುಟ್ಟುತ್ತಾನೆ ಎಂದೆ. ಗುಂಡವ್ವ ಕೆಳಗೆ ಹೋಗಿ ಅವನನ್ನೇ ಕರೆದುಕೊಂಡು ಬಂದಳು, ಕೋಲಿನ ಸಮೇತ. ಮಲ್ಲು ಬಾಲ ಆಡಿಸುತ್ತ ಹೋಗಿ ಅವನ ಪ್ಯಾಂಟಿಗೆ ಮೈ ತಿಕ್ಕಿತು. ದೀಪಕ ನನ್ನನ್ನು ಒಮ್ಮೆ ನೋಡಿ ಇಳಿದು ಹೋದ. ನಾನು ಬಿಡಲಿಲ್ಲ. ಹಾಗಾದರೆ ಸಂಭಾಜಿನಗರದಲ್ಲೇ ಏನೋ ಆಗಿದೆ, ಲತಾಳ ಅಣ್ಣನ ಮನೆಯಲ್ಲಿ ಮರಿ ಇದ್ದಾಗ ಹಸಿವಿಗೆ ಹಾಕಿರಬೇಕು ಎಂದೆ. ಲತಾಳ ಮುಖ ಕೆಂಪಾಯಿತು.

“ಮೂರ ವರ್ಷದ ಹಿಂದಿಂದು ಐದ ತಿಂಗಳದಾಗ ಹೆಂಗ ಹೊರಗ ಬಂತ್ರಿ?” ಎಂದಳು ಗುಂಡವ್ವ. “ಐದಾರ ತಿಂಗಳದಾಗ ಮನ್ಯಾಗ ಏನ್ ಬದಲಿ ಆತು, ವಿಚಾರ ಮಾಡ್ರಿ. ಅಕ್ಕಾರ, ಕಚ್ಚಿದ ತಾರೀಖ ಹುಡುಕಿ ಇಡ್ರಿ. ಗುರುವಾರ ಬರ್ತೀನಿ.”

ಗುರುವಾರ ಲತಾ ಆಸ್ಪತ್ರೆಯ ಚೀಟಿ, ಮೊಬೈಲಿನ ಫೋಟೋ ಎಲ್ಲ ನೋಡಿ ಮೂರು ತಾರೀಖು ಬರೆದಿಟ್ಟಿದ್ದಳು. ಮೂರೂ ರವಿವಾರ. ಒಬ್ಬರು ಇನ್ನೊಬ್ಬರ ಮುಖ ನೋಡಿದೆವು. ಒಂದೇ ಸೂರಿನ ಕೆಳಗೆ ಹತ್ತು ವರ್ಷ ಉಂಡು ಮಲಗಿದವರು ಹಾಗೆ ನೋಡಿಕೊಳ್ಳುವುದು ಕೆಟ್ಟದ್ದು.

“ರವಿವಾರ ಎಲ್ಲಾರೂ ಮನ್ಯಾಗ ಇರ್ತಾರ, ಗದ್ದಲ ಇರ್ತದ. ಅದಕ್ಕ ಆಗಿರ್ಬೇಕು” ಎಂದೆ ನಾನು.

“ಮುಂಜಾನಿ ಯಾರ ಇರ್ತಾರ್ರಿ?”

ಲತಾ ಹೇಳಿದಳು, “ಮುಂಜಾನಿ ಒಂಬತ್ತರಿಂದ ಹನ್ನೊಂದು ನಾವ್ ಮೂರೂ ಮಂದಿ ಶರಣ ಬಳಗದ ಪ್ರಾರ್ಥನಾಕ್ಕ ಹೋಗ್ತೀವಿ. ಮಾಮಾ ಒಬ್ರೇ ಇರ್ತಾರ.”

ಗುಂಡವ್ವ ನನ್ನ ಕಡೆ ತಿರುಗಿದಳು. “ನಾ ಪೇಪರ್ ಓದತೀನಿ” ಎಂದೆ.

ಸುಳ್ಳು. ರವಿವಾರ ಮುಂಜಾನೆ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಮನೆದೇವರು ಮೈಲಾರದ ಮಲ್ಲಯ್ಯ, ನಾಯಿಯನ್ನು ಜೊತೆಗಿಟ್ಟುಕೊಂಡ ದೇವರು. ಅವನ ಸೇವೆಗೆ ನಿಂತ ವಗ್ಗಯ್ಯಗಳು ತಾವೇ ದೇವರ ನಾಯಿಗಳೆಂದು ತಿಳಿಯುತ್ತಾರೆ. ದೋಣಿ ಎಂಬ ಮರದ ಬಟ್ಟಲಿಗೆ ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು ಸುರಿದು ಸುತ್ತ ಮೊಣಕಾಲೂರುತ್ತಾರೆ. ಬೊಗಳುತ್ತಾರೆ, ಒಬ್ಬರ ಮೇಲೊಬ್ಬರು ಗುರ್ ಎನ್ನುತ್ತಾರೆ, ತಳ್ಳಾಡುತ್ತಾರೆ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುತ್ತಾರೆ. ನಮ್ಮಪ್ಪ ವರ್ಷಕ್ಕೊಮ್ಮೆ ಮೈಲಾರಕ್ಕೆ ಹೋಗಿ ಈ ಸೇವೆ ಮಾಡುತ್ತಿದ್ದರು, ಅವರ ನಂತರ ನಾನು. ಕಳೆದ ಚಳಿಗಾಲ ನನಗೆ ಕಣ್ಣಿನ ಆಪರೇಷನ್ ಆಯಿತು, ಜನಜಂಗುಳಿಗೆ ಹೋಗಬಾರದೆಂದರು. ಸೇವೆ ತಪ್ಪಿತು. ತಪ್ಪಿದ್ದು ಮನಸ್ಸಿಗೆ ಹತ್ತಿಕೊಂಡಿತು. ಮನೆಯಲ್ಲೇ ಮಾಡಿದರೆ ದೇವರು ಒಲ್ಲೆ ಅನ್ನುತ್ತಾನೆಯೇ? ಮೈಲಾರದಲ್ಲಿ ನಾಯಿಯಂತೆ ಬೊಗಳುವ ಮನುಷ್ಯರಿದ್ದರು, ಇಲ್ಲಿ ನನಗೆ ದೇವರ ಹೆಸರಿನ ನಿಜವಾದ ನಾಯಿಯೇ ಸಿಕ್ಕಿತ್ತು.

ಹೀಗಾಗಿ ಆರು ತಿಂಗಳಿಂದ ಪ್ರತಿ ರವಿವಾರ ಅವರು ಅತ್ತ ಹೋದಕೂಡಲೇ ನಾನು ಟ್ರಂಕಿನಿಂದ ದೋಣಿ ತೆಗೆಯುತ್ತಿದ್ದೆ. ಮಲ್ಲುವಿನ ಹಣೆಗೂ ನನ್ನ ಹಣೆಗೂ ಭಂಡಾರದ ಅರಿಶಿನ ಹಚ್ಚಿ, ಇಬ್ಬರ ನಡುವೆ ದೋಣಿ ಇಟ್ಟು, ಏಳುಕೋಟಿ ಎಂದು ಕೂಗಿ, ಮೊಣಕಾಲೂರಿ ಬೊಗಳುತ್ತಿದ್ದೆ. ಗುರ್ ಎಂದು ಅದರ ಮೂತಿಯನ್ನು ನನ್ನ ಹಣೆಯಿಂದ ಪಕ್ಕಕ್ಕೆ ನೂಕಿ ಮೊದಲು ನಾನು ಬಾಯಿ ಹಾಕುತ್ತಿದ್ದೆ. ಮೊದಲ ವಾರಗಳಲ್ಲಿ ಮಲ್ಲು ಬಾಲ ಮುದುರಿಕೊಂಡು ಹಿಂದೆ ಸರಿಯುತ್ತಿತ್ತು. ಆಮೇಲೆ ಸರಿಯುವುದನ್ನು ಬಿಟ್ಟು ಕಲ್ಲಾಗಿ ನಿಂತುಬಿಡುತ್ತಿತ್ತು. ಭಕ್ತಿ ಬಂದಿದೆ ಎಂದುಕೊಂಡೆ. ಇದನ್ನು ಮುಚ್ಚಿಟ್ಟದ್ದು ಲತಾಳ ಸಲುವಾಗಿ. ಅವಳು ಕಟ್ಟಾ ಶರಣರ ಮನೆಯಿಂದ ಬಂದವಳು. ಇಷ್ಟಲಿಂಗ ಬಿಟ್ಟು ಬೇರೆ ದೇವರಿಗೆ ಕೈ ಮುಗಿದರೇ ಹುಬ್ಬು ಗಂಟಿಕ್ಕುತ್ತಾಳೆ, ಮಾವ ನಾಲ್ಕು ಕಾಲಿನ ಮೇಲೆ ಬೊಗಳುವುದನ್ನು ಕಂಡರೆ ಏನು ಹೇಳಿಯಾಳು?

ದೇವರಾಣೆ, ಗುರುವಾರದವರೆಗೂ ಈ ಸೇವೆಯನ್ನೂ ಮಲ್ಲು ಕಚ್ಚುವುದನ್ನೂ ನಾನು ಕೂಡಿಸಿ ನೋಡಿರಲಿಲ್ಲ. ಅವತ್ತು ‘ಪೇಪರ್’ ಎಂದ ಮೇಲೆ ಮೊದಲ ಸಲ ನನ್ನ ಅನುಮಾನ ನನ್ನ ಮೇಲೆಯೇ ತಿರುಗಿತು. ಶುಕ್ರವಾರ ಮಧ್ಯಾಹ್ನ ಲತಾ ಮಗುವನ್ನು ಶಾಲೆಯಿಂದ ಕರೆತರಲು ಹೋದಾಗ ಪರೀಕ್ಷಿಸಿಯೇ ಬಿಡೋಣವೆಂದು ಮಲ್ಲುವಿಗೆ ಅರಿಶಿನ ಹಚ್ಚಿ ಖಾಲಿ ದೋಣಿಯನ್ನು ನೆಲದ ಮೇಲಿಟ್ಟೆ. ಅಷ್ಟೇ. ಮಲ್ಲುವಿನ ಮೈ ಬಿಗಿಯಿತು, ತುಟಿ ಸದ್ದಿಲ್ಲದೆ ಮೇಲೆದ್ದು ಹಲ್ಲು ಕಂಡವು. ನನ್ನ ಮಂಚದ ಪಕ್ಕ ಮಲಗುವ ನಾಯಿ. ನಾನು ದೋಣಿಯನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದೆ. ರವಿವಾರ ದಿನವಿಡೀ ಈ ಅಂಜಿಕೆ ಅದರ ಮೈಯಲ್ಲಿ ಉಳಿದು ಬಟ್ಟಲಿನ ಹತ್ತಿರ ಬಂದವರ ಮೇಲೆ ತೀರುತ್ತಿತ್ತು. ಆಗಲೂ ಯಾರಿಗೂ ಹೇಳಬೇಕೆನಿಸಲಿಲ್ಲ. ಇನ್ನು ಸೇವೆ ಬಿಟ್ಟರಾಯಿತು, ಕಾರಣ ಹೇಳುವ ಅಗತ್ಯವೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕಾರಣ ಗೊತ್ತಾಗದೆ ಟೆಂಪೋ ನಿಲ್ಲುವಂತಿರಲಿಲ್ಲ.

ಶನಿವಾರ ಗುಂಡವ್ವ ಬಂದಳು. ಅಷ್ಟರಲ್ಲಿ ಮಲ್ಲು ಅವಳ ತೊಡೆಯ ಮೇಲೆ ಗದ್ದ ಇಡುವಷ್ಟು ಹಚ್ಚಿಕೊಂಡಿತ್ತು. ಕುತ್ತಿಗೆ ತುರಿಸುತ್ತ ಕೂತವಳು ಅದರ ಹಣೆಯ ಹತ್ತಿರ ಕೈ ನಿಲ್ಲಿಸಿದಳು. ಕೆನೆಬಣ್ಣದ ಕೂದಲಿನ ಬುಡದಲ್ಲಿ ಹಳದಿ ಉಳಿದಿತ್ತು.

“ಅರಿಷಿಣ ಯಾಕ್ರಿ ಸಾವ್ಕಾರ್ರ?”

“ಗಾಯ ಆಗಿತ್ತು.”

ಕೂದಲು ಬಿಡಿಸಿ ನೋಡಿದಳು. “ಎಲ್ಲೈತ್ರಿ?”

ಲತಾ ಅಡಿಗೆಮನೆಯಲ್ಲಿದ್ದಳು. ಗುಂಡವ್ವ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಿಮ್ಮ ಮನಿ ದೇವರ ಯಾರ್ರಿ?”

“ಮೈಲಾರ ಮಲ್ಲಯ್ಯ.”

“ನಮಗೂ ಅವನರಿ. ನಮ್ಮ ಮನಿಯವ್ರಿಗೂ ಅವನ ಹೆಸರ ಇಟ್ಟಾರ. ನಮ್ಮ ಮಾವ ದೋಣಿ ಸೇವಾ ಮಾಡ್ತಿದ್ದ.” ಖಂಡಪ್ಪ ಎಂದರೂ ಮಲ್ಲಯ್ಯನೇ, ಅದು ನನಗೂ ಗೊತ್ತಿತ್ತು. “ದೋಣಿ ಐತಿಲ್ರಿ ಮನ್ಯಾಗ?”

ನನ್ನ ಮುಖವೇ ಹೇಳಿರಬೇಕು. ಅವಳು ಗೆಲುವಿನ ನಗೆ ನಗಲಿಲ್ಲ. ಮಲ್ಲುವಿನ ಬೆನ್ನು ನೀವುತ್ತ ತನ್ನ ಕತೆ ಹೇಳಿದಳು.

“ಹನ್ನೆರಡ ವರ್ಷ ಆತ್ರಿ. ಅಂಬಡ್ ಸೈಟಿನ್ಯಾಗ ನಾ ಒಂದ ನಾಯಿ ಸಾಕಿದ್ದೆ. ಸಿಮೆಂಟ ಚೀಲಾ ಕಾಯಾಕ ಬೇಕಂತ ಮೇಸ್ತ್ರಿ ಅಂದ, ನಾಯಿ ಚುರುಕ ಇರ್ಲಿ ಅಂತ ನಾ ದಿನಾ ಅದು ಅರ್ಧಾ ತಿನ್ನೂದ್ರಾಗ ರೊಟ್ಟಿ ಕಸಗೊಂತಿದ್ದೆ. ಒಂದಿನಾ ಮೇಸ್ತ್ರಿ ಕೂಸಿಗೆ ಕಚ್ಚಿತು. ಯಾಕ ಕಚ್ಚಿತಂತ ಎಲ್ಲಾರೂ ಕೇಳಿದ್ರು. ಯಾರೋ ಕಲ್ಲ ಹೊಡದಿರಬೇಕು, ಅದಕ್ಕ ಹುಚ್ಚ ಹಿಡದೈತಿ ಅಂದೆ ನಾ. ಹುಚ್ಚ ಅಂದ ಮ್ಯಾಲ ಬಿಡ್ತಾರೇನ್ರಿ? ಸಲಿಕೆ ತೊಗೊಂಡು ನನ್ನ ಮುಂದ ಹೊಡದ ಹಾಕಿದ್ರು. ಹೊಡ್ಯಾಗ ಅದು ನನ್ನ ಕಡೀನ ನೋಡ್ತಿತ್ತು.” ಮೂಗು ಒರೆಸಿಕೊಂಡಳು. “ಅದಕ್ಕ ನಾಯಿ ಇದ್ದ ಮನ್ಯಾಗ ಮಂದಿ ಸುಳ್ಳ ಹೇಳಿದ್ರ ನನಗ ತಿಳಿತೈತ್ರಿ.”

“ಲತಾಗ ನೀನ ಹೇಳಿಬಿಡು. ನನಗ ಆಗಂಗಿಲ್ಲ” ಎಂದೆ. ನಾಚಿಕೆಗೇಡು, ಆದರೆ ಹಾಗೆಯೇ ಕೇಳಿದೆ.

“ನಾ ಹೇಳಂಗಿಲ್ರಿ. ನೀವ ಹೇಳ್ಬೇಕು. ಇಲ್ಲಾ ಅಂದ್ರ ಟೆಂಪೋ ಬರ್ತೈತಿ, ನಾಯಿ ಹೋಗ್ತೈತಿ. ಇನ್ನೊಂದ ಮಾತ್ರಿ. ಆ ಕೂಸು ತನ್ನದ ತಪ್ಪ ಅಂತ ತಿಳಕೊಂಡೈತಿ. ಮಲ್ಲೂನ ಬಟ್ಟಲ ಹಂತೇಕ ನಾ ಹೋದೆ, ಅದಕ್ಕ ಮಲ್ಲೂನ ಕಳಸಾಕತ್ತಾರ ಅಂತ ನನ್ನ ಮುಂದ ಅತ್ತೈತಿ.”

ರವಿವಾರ ಯಾರೂ ಪ್ರಾರ್ಥನೆಗೆ ಹೋಗಲಿಲ್ಲ. ಮಲ್ಲುವಿನ ಹಾಸಿಗೆ, ಸರಪಳಿ, ಲಸಿಕೆಯ ಪುಸ್ತಕ ಬಾಗಿಲ ಹತ್ತಿರ ಒಂದು ಚೀಲದಲ್ಲಿದ್ದವು. ಶರ್ವಾಣಿ ಸೋಫಾದ ಮೂಲೆಯಲ್ಲಿ ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದಳು. ಒಂಬತ್ತೂವರೆ ಆಯಿತು. ನಾನು ಒಳಗೆ ಹೋಗಿ ಟ್ರಂಕಿನ ಬೀಗ ತೆಗೆದು ದೋಣಿಯನ್ನು ತಂದು ಮೂವರ ಮುಂದೆ ಟೀಪಾಯಿಯ ಮೇಲಿಟ್ಟೆ. ಮುಂಜಾನೆಯೇ ಬಂದಿದ್ದ ಗುಂಡವ್ವ ಮಲ್ಲುವನ್ನು ಬಾಲ್ಕನಿಗೆ ಕರೆದೊಯ್ದು ಬಾಗಿಲು ಎಳೆದುಕೊಂಡಳು.

ಎಲ್ಲ ಹೇಳಿದೆ. ಅರಿಶಿನ, ಬೊಗಳಿದ್ದು, ಹಣೆಯಿಂದ ಮೂತಿ ನೂಕಿದ್ದು, ಶುಕ್ರವಾರ ಕಂಡ ಹಲ್ಲು. ಬೊಗಳುತ್ತಿದ್ದೆ ಎನ್ನುವಾಗ ದೋಣಿಯ ಅಂಚನ್ನೇ ನೋಡುತ್ತಿದ್ದೆ. ಲತಾ ನಗುತ್ತಾಳೆಂದು ಅಂಜಿದ್ದೆ. ಅವಳು ನಗಲಿಲ್ಲ, ದೇವರ ವಿಷಯವನ್ನೂ ಎತ್ತಲಿಲ್ಲ.

“ಒಂದ್ ವಾರ ಆಯ್ತು ಮಾಮಾ” ಎಂದಳು. “ಒಂದ್ ವಾರ ನಮ್ಮ ಮುಂದ ಕುಂತು ದೀಪಕನ ಮ್ಯಾಲ ಹಾಕಿದ್ರಿ, ನಮ್ಮಣ್ಣನ ಮ್ಯಾಲ ಹಾಕಿದ್ರಿ.”

ಗುರುಬಸವ ತಲೆ ತಗ್ಗಿಸಿದ್ದ. ಆಗ ಶರ್ವಾಣಿ ಮಾತಾಡಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. “ಅಜ್ಜಾ, ಮಗ ಪಪ್ಪಾಂನೀ ಮಲ್ಲೂಲಾ ಕಾ ಮಾರ್ಲಂ?”

ಹಾಗಾದರೆ ಪಪ್ಪಾ ಮಲ್ಲುವನ್ನು ಯಾಕೆ ಹೊಡೆದರು? ಗುರುಬಸವ ನನ್ನನ್ನು ನೋಡಿದ. ನಾನು ಉತ್ತರ ಕೊಡಬೇಕಿತ್ತು. ನನ್ನ ಸಲುವಾಗಿ ಹೊಡೆದರು ಮಗಾ, ತಪ್ಪು ನಿನ್ನದೂ ಅಲ್ಲ ಅದರದೂ ಅಲ್ಲ ಎಂದೆ. ಅವಳು ಒಂದಿಷ್ಟು ಹೊತ್ತು ನನ್ನನ್ನೇ ನೋಡಿ ಎದ್ದು ಹೋಗಿ ಲತಾಳ ಪಕ್ಕ ಕೂತಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ಲತಾ ಟೆಂಪೋದವನಿಗೆ ಫೋನ್ ಮಾಡಿದಳು. ಆಮೇಲೆ ಬಾಲ್ಕನಿಯ ಬಾಗಿಲು ತೆರೆದು ಗುಂಡವ್ವನಿಗೆ ಹೇಳಿದಳು, “ಎರಡ್ ತಿಂಗಳು ನೋಡ್ತೀನಿ. ನಿಮ್ಮ ಮಾತಿನ ಮ್ಯಾಲ, ಇವರ ಮಾತಿನ ಮ್ಯಾಲ ಅಲ್ಲ. ಕಚ್ಚಲಾಕ ಬಂತಂದ್ರ ಅವತ್ತೇ ಕಳಸ್ತೀನಿ.”

ಆ ಎರಡು ತಿಂಗಳು ಗುಂಡವ್ವ ವಾರಕ್ಕೆರಡು ಸಲ ಬಂದಳು. ದೋಣಿಯನ್ನು ಏನು ಮಾಡಲಿ ಎಂದು ನಾನು ಕೇಳಿದಾಗ “ದೇವರ ಮುಂದ ಇಟ್ಟು ತುಂಬರಿ, ನೀವ ಒಬ್ರ ಉಣ್ರಿ. ನಾಯಿನ್ನ ಭಕ್ತಿಗೆ ಎಳೀಬ್ಯಾಡ್ರಿ, ಅದಕ್ಕ ಹಸಿವಿ ಒಂದ ಗೊತ್ತು” ಎಂದಳು. ಹಾಗೆಯೇ ಮಾಡುತ್ತಿದ್ದೇನೆ, ಲತಾಳ ಎದುರಿಗೇ. ಅವಳು ಹುಬ್ಬು ಗಂಟಿಕ್ಕುತ್ತಾಳೆ, ಆದರೆ ಬಾಳೆಹಣ್ಣು ತಂದಿಡುವುದೂ ಅವಳೇ. ದೀಪಕನ ಹತ್ತಿರ ಹೋಗಿ ತಪ್ಪಾಯಿತು ಎಂದೆ. “ಚಾಲ್ತಂಯ ಕಾಕಾ” ಎಂದ, ಪರವಾಗಿಲ್ಲವೆಂದು. ಆದರೂ ನನ್ನನ್ನು ಕಂಡರೆ ಈಗ ಗೇಟು ತುಸು ನಿಧಾನವಾಗಿ ತೆರೆಯುತ್ತಾನೆ.

ಗುಂಡವ್ವ ನನ್ನನ್ನು ನಂಬಿದಳೆಂದು ಯಾರೂ ತಿಳಿಯಬೇಡಿ. ಬಂದಾಗಲೆಲ್ಲ ಮೊದಲು ಮಲ್ಲುವಿನ ಹಣೆ ಉಜ್ಜಿ ಬೆರಳು ನೋಡಿಕೊಳ್ಳುತ್ತಿದ್ದಳು, ಆಮೇಲೆ ನಮಸ್ಕಾರ. ನನಗೆ ಸಿಟ್ಟು ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಅವಳ ಪಾಠ ನಿಧಾನದ್ದು. ಮಲ್ಲು ತಿನ್ನುವಾಗ ಗುರುಬಸವ ದೂರದ ಬಾಗಿಲಲ್ಲಿ ನಿಂತು ಒಂದು ಪನೀರ್ ಚೂರು ಎಸೆದು ಹಿಂದಿರುಗಿ ಹೋಗಬೇಕು. ಅಷ್ಟೇ, ಒಂದು ವಾರ. ಮುಂದಿನ ವಾರ ಅರ್ಧ ಹೆಜ್ಜೆ ಹತ್ತಿರ. ಮನುಷ್ಯ ಹತ್ತಿರ ಬಂದರೆ ಊಟ ಹೋಗುವುದಿಲ್ಲ, ಹೆಚ್ಚಾಗುತ್ತದೆ ಎಂದು ಅದು ಕಲಿಯಬೇಕು. ತಿಂಗಳು ಕಳೆಯುವುದರೊಳಗೆ ಗುರುಬಸವನ ಹೆಜ್ಜೆ ಸದ್ದಿಗೇ ಬಾಲ ಆಡತೊಡಗಿತು. ಲತಾ ಬಂದರೆ ತಲೆ ಎತ್ತಿ ಕಾಯುತ್ತಿತ್ತು. ಶರ್ವಾಣಿ ಮಾತ್ರ ಬಹಳ ದಿನ ತಾಯಿಯ ಹಿಂದೆ ನಿಂತು ಎಡಗೈಯಿಂದ ಎಸೆಯುತ್ತಿದ್ದಳು. ನನ್ನನ್ನು ಕಡೆಯವನಾಗಿ ಇಟ್ಟಿದ್ದಳು ಗುಂಡವ್ವ.

ಎರಡು ತಿಂಗಳು ತುಂಬಿದ ರವಿವಾರ ಎಲ್ಲರೂ ಸೇರಿದೆವು. ಬಾಯಿಬುಟ್ಟಿ ಹಾಕಿ, ಹಗ್ಗ ಗುಂಡವ್ವನ ಕೈಯಲ್ಲಿ ಹಿಡಿದು, ಬುಟ್ಟಿಯ ಸಂದಿನಿಂದ ನೆಕ್ಕುವ ಹಾಗೆ ಮೊಸರನ್ನದ ಬಟ್ಟಲು ಇಟ್ಟೆವು. ಗುರುಬಸವ ಹಾದುಹೋದ, ಬಾಲ ಆಡಿತು. ಲತಾ ಹಾದುಹೋದಳು, ಬಾಲ ಆಡಿತು. ಶರ್ವಾಣಿ ಅಮ್ಮನ ಕೈ ಹಿಡಿದು ಎರಡು ಮಾರು ದೂರದಲ್ಲಿ ಕೂತು ಬಲಗೈಯಿಂದ ಪನೀರ್ ಎಸೆದಳು. ಮಲ್ಲು ಅವಳನ್ನು ನೋಡಿ ನಾಲಗೆ ಚಾಚಿತು, ಅವಳು ನಕ್ಕಳು.

ಆಮೇಲೆ ನನ್ನ ಸರದಿ. ಕೈಯಲ್ಲಿ ಪನೀರ್ ಹಿಡಿದು ಮೂರು ಹೆಜ್ಜೆ ಇಟ್ಟೆ. ಮಲ್ಲು ನೆಕ್ಕುವುದನ್ನು ನಿಲ್ಲಿಸಿತು. ತಲೆ ಬಟ್ಟಲಿನ ಮೇಲೆ ಇಳಿಯಿತು, ಕಣ್ಣಿನ ಬಿಳಿ ಕಂಡಿತು. ಇನ್ನೊಂದು ಹೆಜ್ಜೆ. ಅದರ ಎದೆಯೊಳಗಿಂದ ಸಣ್ಣಗೆ, ಆದರೆ ಎಲ್ಲರಿಗೂ ಕೇಳುವಂತೆ ಬಂತು, ಗುರ್‌ರ್.

ಮುಗಿಯಿತು ಎಂದುಕೊಂಡೆ. ಲತಾಳ ಮುಖ ನೋಡುವ ಧೈರ್ಯ ಬರಲಿಲ್ಲ. ಟೆಂಪೋ, ಸರಪಳಿ, ಗೋಡೌನು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

ಗುಂಡವ್ವ ಜೋರಾಗಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. “ಮಾತ ಬಂತ್ರಿ ಅಕ್ಕಾರ! ಎರಡ ತಿಂಗಳಿಂದ ಇದನ್ನ ಕಾಯಾಕತ್ತಿದ್ದೆ. ಇನ್ನ ಹೇಳದ ಕಚ್ಚಂಗಿಲ್ಲ ಇದು. ಹೊಡೀಬ್ಯಾಡ್ರಿ, ಬೈಬ್ಯಾಡ್ರಿ. ಸಾವ್ಕಾರ್ರ, ಸರೀರಿ ಹಿಂದಕ.”

ಲತಾ ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಇರ್ಲಿ ಬಿಡ್ರಿ, ಮನ್ಯಾಗೇ ಇರ್ಲಿ” ಎಂದಳು.

ಶರ್ವಾಣಿ ಚಪ್ಪಾಳೆ ತಟ್ಟಿದಳು. ಮನೆಯವರೆಲ್ಲ ಖುಷಿಯಿಂದ ಮಾತಾಡತೊಡಗಿದರು, ನಾಯಿ ನನ್ನ ಮೇಲೆ ಗುರ್ ಎಂದಿತೆಂದು. ಮಲ್ಲು ಇನ್ನೂ ನನ್ನನ್ನೇ ನೋಡುತ್ತಿತ್ತು. ನಾನು ಪನೀರನ್ನು ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ, ಸಾಲಲಿಲ್ಲ. ಬಾಗಿಲವರೆಗೆ ಸರಿದೆ. ಆಗ ಅದು ಮತ್ತೆ ಉಣ್ಣತೊಡಗಿತು.